ಕೆಂಪಿನ ಲೆಕ್ಕ: ರಂಗದ ಮೇಲೂ ಪ್ರದರ್ಶನದ ಗೋಡೆಯ ಮೇಲೂ ಎಲ್‌ಇಡಿ ಬೆಳಕು



ದತ್ತಿ ಉಪನ್ಯಾಸವೆಂದರೆ ವಚನ, ದಾಸಸಾಹಿತ್ಯ, ಇಲ್ಲವೇ ಯಾರಾದರೂ ಹಿರಿಯ ಕವಿಯ ಬದುಕು–ಬರಹ ಎಂಬುದು ರೂಢಿ. ಕೋಲ್ಕತ್ತದ ಕನ್ನಡಿಗರಾದ ನೀವು, ನಾಟಕಕ್ಕೆ ದೀಪ ಕಟ್ಟುವ ನನ್ನಂಥವನನ್ನು ಕರೆದು ಎಲ್‌ಇಡಿ ಬಗ್ಗೆ ಮಾತಾಡಿ ಎಂದಿದ್ದೀರಿ. ಆಮಂತ್ರಣ ಪತ್ರಿಕೆಯಲ್ಲಿ ‘ರಂಗಭೂಮಿ ಮತ್ತು ಪ್ರದರ್ಶನಗಳಿಗೆ ಉತ್ತಮ ವರ್ಣಗುಣದ ಎಲ್‌ಇಡಿ ಬೆಳಕು’ ಎಂದು ಅಚ್ಚಾಗಿದೆ. ಅಷ್ಟು ಉದ್ದದ ವಿಷಯವನ್ನು ನಾನು ಒಂದೇ ಬಣ್ಣಕ್ಕೆ ಇಳಿಸಿಕೊಂಡು ಬಂದಿದ್ದೇನೆ. ಅದು ಕೆಂಪು. ಇಂದು ಮಾರುಕಟ್ಟೆಯಲ್ಲಿರುವ ಬಿಳಿ ಎಲ್‌ಇಡಿಗಳಲ್ಲಿ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯಲು ಕೆಂಪೊಂದನ್ನು ಪರೀಕ್ಷಿಸಿದರೆ ಮುಕ್ಕಾಲು ಕೆಲಸ ಮುಗಿಯುತ್ತದೆ.

ಕೆಂಪಿನ ಮಾತಾಡಲು ಈ ಊರಿನ ಕಾಳಿಘಾಟಿಗಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, 1809ರಲ್ಲಿ ಪೂರ್ಣಗೊಂಡ ಈಗಿನ ಕಾಳಿಗುಡಿಯಿದೆ. ಒಳಗಿರುವ ಕಪ್ಪು ಶಿಲೆಯ ಕಾಳಿಗೆ ಮೂರು ದೊಡ್ಡ ಕಣ್ಣು, ಚಿನ್ನದ ನಾಲಗೆ, ಕೊರಳ ತುಂಬ ದಾಸವಾಳ. ಬೀದಿಯಲ್ಲಿ ಸಿಂಧೂರದ ಗುಡ್ಡೆಗಳು, ಕಾಲಿಗೆ ಹಚ್ಚುವ ಆಲ್ತಾದ ಸೀಸೆಗಳು, ಕೆಂಪು ಅಂಚಿನ ಬಿಳಿ ಸೀರೆಗಳು. ಒಂದೇ ಬೀದಿಯಲ್ಲಿ ಐದಾರು ಬಗೆಯ ಕೆಂಪು, ಒಂದರಂತೆ ಇನ್ನೊಂದಿಲ್ಲ. ದಾಸವಾಳದ ಕೆಂಪಿನಲ್ಲಿ ಸ್ವಲ್ಪ ಗುಲಾಬಿ ಇಣುಕುತ್ತದೆ. ಸಿಂಧೂರ ಕಿತ್ತಳೆಯ ಕಡೆಗೆ ವಾಲುತ್ತದೆ. ಆಲ್ತಾ ಒಣಗಿದಾಗ ರಕ್ತದ ಬಣ್ಣಕ್ಕೆ ತಿರುಗುತ್ತದೆ. ಹಗಲು ಬೆಳಕಿನಲ್ಲಿ ಕಣ್ಣು ಈ ವ್ಯತ್ಯಾಸವನ್ನು ಸಲೀಸಾಗಿ ಹಿಡಿಯುತ್ತದೆ. ಸಂಜೆ ಅಂಗಡಿಗಳಲ್ಲಿ ಅಗ್ಗದ ಎಲ್‌ಇಡಿ ಹತ್ತಿದ ಮೇಲೆ ಇನ್ನೊಮ್ಮೆ ಹೋಗಿ ನೋಡಿ. ಎಲ್ಲ ಕೆಂಪುಗಳೂ ಹತ್ತಿರ ಹತ್ತಿರ ಬಂದು, ಕಾವಿ ಬಳಿದ ಗೋಡೆಯ ಬಣ್ಣಕ್ಕೆ ಇಳಿದಿರುತ್ತವೆ.

ಈಗ ಸಭಾಂಗಣದ ದೀಪ ಆರಿಸಿ ಎಂದು ಕೇಳಿಕೊಳ್ಳುತ್ತೇನೆ. ಮೇಜಿನ ಮೇಲೆ ಎರಡು ಪೆಟ್ಟಿಗೆಗಳಿವೆ. ಎರಡರಲ್ಲೂ ಒಂದೊಂದು ಎಲ್‌ಇಡಿ. ಎರಡೂ 3000 ಕೆಲ್ವಿನ್, ಅಂದರೆ ನಾವು ‘ವಾರ್ಮ್ ವೈಟ್’ ಎನ್ನುವ ಬೆಳಕು. ಎಡಗಡೆಯದು ಇಲ್ಲಿನ ಎಜ್ರಾ ಸ್ಟ್ರೀಟಿನಲ್ಲೂ ನಮ್ಮ ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ರಾಶಿಗಟ್ಟಲೆ ಸಿಗುವ ಬಗೆ. ಬಲಗಡೆಯದು ಪ್ರದರ್ಶನಕ್ಕೆಂದೇ ಮಾಡಿದ್ದು. ಎರಡರ ಕೆಳಗೂ ಬಿಳಿ ಹಾಳೆ ಇದೆ. ಮುಂದಿನ ಸಾಲಿನವರು ಹೇಳಿ, ವ್ಯತ್ಯಾಸ ಕಾಣುತ್ತಿದೆಯೇ? ಇಲ್ಲ. ಈಗ ಗುಡಿಯ ಮುಂದೆ ಕೊಂಡ ಈ ದಾಸವಾಳದ ಹಾರವನ್ನು ಎರಡು ತುಂಡು ಮಾಡಿ ಒಂದೊಂದು ಪೆಟ್ಟಿಗೆಯಲ್ಲಿ ಇಡುತ್ತೇನೆ. ಬಲಗಡೆ ಎಸಳಿನ ಮೇಲಿನ ನರಗಳೂ ಕಾಣುತ್ತವೆ. ಎಡಗಡೆ ಹೂವು ನಿನ್ನೆಯದು ಎನ್ನಿಸುತ್ತದೆ. ಈಗ ನನ್ನ ಎರಡು ಕೈ. ಎಡಗೈಗೆ ಕಾಮಾಲೆ ಬಂದಂತಿದೆ, ಅಲ್ಲವೇ? ಬೆರಳ ಗೆಣ್ಣಿನ ಕೆಳಗೆ ಹರಿಯುವ ರಕ್ತದ ಬಣ್ಣವನ್ನು ಆ ದೀಪ ತೋರಿಸುತ್ತಿಲ್ಲ. ಸರಿ, ದೀಪ ಹಾಕಿ.

ಬಿಳಿ ಹಾಳೆ ಮೋಸ ಮಾಡಿದ್ದು ಹೇಗೆ? ಬಿಳಿ ಎಲ್‌ಇಡಿಯ ಒಳಗೆ ಇರುವುದು ಬಿಳಿ ಬೆಳಕಿನ ಮೂಲವೇ ಅಲ್ಲ. ಅಲ್ಲಿರುವುದು ಸುಮಾರು 450 ನ್ಯಾನೋಮೀಟರಿನ ನೀಲಿ ಚಿಪ್ಪು. ಈ ನೀಲಿ ಚಿಪ್ಪನ್ನು ಸಾಧ್ಯಮಾಡಿದ್ದಕ್ಕೇ ಅಕಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದದ್ದು. ಚಿಪ್ಪಿನ ಮೇಲೆ ಮುಖ್ಯವಾಗಿ ಹಳದಿ ಫಾಸ್ಫರ್ ಲೇಪಿಸುತ್ತಾರೆ. ನೀಲಿಯ ಒಂದಷ್ಟು ಪಾಲು ಹಾಗೇ ಹೊರಬರುತ್ತದೆ, ಉಳಿದದ್ದು ಹಳದಿಯಾಗುತ್ತದೆ. ನೀಲಿಯೂ ಹಳದಿಯೂ ಕಣ್ಣಿಗೆ ಒಟ್ಟಿಗೆ ಬಿದ್ದರೆ ಬಿಳಿ. ಹಾಳೆ ಎಲ್ಲ ಬಣ್ಣವನ್ನೂ ಸಮನಾಗಿ ಹಿಂದಿರುಗಿಸುವುದರಿಂದ ಅದಕ್ಕೆ ಕೊರತೆಯೇನೂ ಆಗುವುದಿಲ್ಲ. ದಾಸವಾಳ ಹಿಂದಿರುಗಿಸಬಲ್ಲದ್ದು ಮುಖ್ಯವಾಗಿ 600 ನ್ಯಾನೋಮೀಟರಿನ ಆಚೆಯ ಬೆಳಕನ್ನು. ಎಡಗಡೆಯ ದೀಪದಲ್ಲಿ ಅದೇ ಬಡಕಲು. ಬಾರದ ಬೆಳಕನ್ನು ಹೂವು ಎಲ್ಲಿಂದ ತಂದು ಕೊಡಬೇಕು?

ಹಾಗಾದರೆ ಕಾರ್ಖಾನೆಯವರು ಹೆಚ್ಚು ಕೆಂಪು ಫಾಸ್ಫರ್ ಸೇರಿಸಬಾರದೇ? ಸೇರಿಸಬಹುದು, ಸೇರಿಸುತ್ತಾರೆ, ಬಲಗಡೆಯ ದೀಪದಲ್ಲಿ ಇರುವುದು ಅದೇ. ತೊಡಕಿರುವುದು ಲ್ಯೂಮೆನ್ ಲೆಕ್ಕದಲ್ಲಿ. ಲ್ಯೂಮೆನ್ ಎಂಬ ಅಳತೆಯನ್ನು ಮನುಷ್ಯನ ಕಣ್ಣಿನ ಸೂಕ್ಷ್ಮತೆಗೆ ಹೊಂದಿಸಿ ಕಟ್ಟಿದ್ದಾರೆ. ಹಗಲಿನಲ್ಲಿ ನಮ್ಮ ಕಣ್ಣು ಅತ್ಯಂತ ಚುರುಕಾಗಿರುವುದು 555 ನ್ಯಾನೋಮೀಟರಿನ ಹಸುರು–ಹಳದಿಗೆ. 610ಕ್ಕೆ ಬಂದರೆ ಆ ಚುರುಕು ಅರ್ಧ. 650ರ ಗಾಢ ಕೆಂಪಿಗೆ ಬಂದರೆ ಹತ್ತರಲ್ಲಿ ಒಂದು ಪಾಲು. ಅಂದರೆ ಒಂದು ವಾಟ್ ವಿದ್ಯುತ್ತನ್ನು ಗಾಢ ಕೆಂಪಿಗೆ ಖರ್ಚು ಮಾಡಿದವನಿಗೆ ಲ್ಯೂಮೆನ್ ಖಾತೆಯಲ್ಲಿ ಜಮೆಯಾಗುವುದು ಚಿಲ್ಲರೆ. ಪೆಟ್ಟಿಗೆಯ ಮೇಲೆ ಗಿರಾಕಿ ನೋಡುವುದು ವಾಟಿಗೆ ಎಷ್ಟು ಲ್ಯೂಮೆನ್ ಎಂಬುದನ್ನು, ಸರ್ಕಾರ ನಕ್ಷತ್ರ ಕೊಡುವುದೂ ಅದಕ್ಕೇ. ಕೆಂಪನ್ನು ಕತ್ತರಿಸಿದರೆ ಆ ಸಂಖ್ಯೆ ಏರುತ್ತದೆ. 2015ರ ಜನವರಿಯಲ್ಲಿ ಶುರುವಾದ ಉಜಾಲಾ ಯೋಜನೆಯಲ್ಲಿ ದೇಶದ ಮನೆಗಳಿಗೆ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಹೋದವು. ವಿದ್ಯುತ್ ಉಳಿಸುವ ದೃಷ್ಟಿಯಿಂದ ಅದು ದೊಡ್ಡ ಕೆಲಸವೇ, ನಾನು ಆಡಿಕೊಳ್ಳುವುದಿಲ್ಲ. ಮೆಟ್ಟಿಲ ಮೇಲೆ, ಬಚ್ಚಲಲ್ಲಿ ಕೆಂಪು ಯಾರಿಗೆ ಬೇಕು? ಅದೇ ಮನೆಬಲ್ಬಿನ ಅಳತೆಗೋಲನ್ನು ರಂಗಮಂದಿರಕ್ಕೂ ಚಿತ್ರಶಾಲೆಗೂ ತಂದರು ನೋಡಿ, ನನ್ನ ತಕರಾರು ಅಲ್ಲಿಂದ.

ದೀಪ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂದು ಅಳೆಯುವ ಗೋಲೂ ಒಂದಿದೆ, ಅದರ ಹೆಸರು ಸಿಆರ್‌ಐ. ಬೆಳಕಿನ ಅಂತರರಾಷ್ಟ್ರೀಯ ಆಯೋಗ 1965ರಲ್ಲಿ ಹೊರತಂದು ಆಮೇಲೆ ಪರಿಷ್ಕರಿಸಿದ ಪದ್ಧತಿ ಅದು. ಟ್ಯೂಬ್‌ಲೈಟಿನ ಕಾಲದ ಕೂಸು. ಎಂಟು ಮಾದರಿ ಬಣ್ಣಗಳನ್ನು ದೀಪದ ಕೆಳಗಿಟ್ಟು, ಆದರ್ಶ ಬೆಳಕಿಗೆ ಹೋಲಿಸಿ ಅಂಕ ಕೊಟ್ಟು, ಸರಾಸರಿ ತೆಗೆದರೆ ಬರುವುದು ಆರ್‌ಎ. ಪೆಟ್ಟಿಗೆಯ ಮೇಲೆ 80 ಎಂದೋ 90 ಎಂದೋ ಇರುವುದು ಅದೇ. ಆ ಎಂಟೂ ತಿಳಿಬಣ್ಣಗಳು. ಗಾಢ ಕೆಂಪು ಒಂಬತ್ತನೆಯ ಮಾದರಿ, ಅದಕ್ಕೆ ಆರ್9 ಎನ್ನುತ್ತಾರೆ, ಮತ್ತು ಅದು ಸರಾಸರಿಗೆ ಸೇರುವುದಿಲ್ಲ. ಹುಡುಗ ಗಣಿತದಲ್ಲಿ ನಪಾಸಾಗಿದ್ದರೂ ಉಳಿದ ವಿಷಯಗಳ ಸರಾಸರಿಯನ್ನಷ್ಟೇ ಬರೆದು ಮನೆಗೆ ಕಳಿಸಿದ ಅಂಕಪಟ್ಟಿ ಇದು. ಆರ್‌ಎ 80 ಇರುವ ದೀಪದ ಆರ್9 ಸೊನ್ನೆಯ ಆಸುಪಾಸಿನಲ್ಲಿರುವುದು ಮಾಮೂಲು. ಸೊನ್ನೆಗಿಂತ ಕೆಳಗಿಳಿಯುವುದೂ ಉಂಟು. ನನ್ನ ಎಡಗಡೆಯ ಪೆಟ್ಟಿಗೆಯ ಮೇಲೆ ಆರ್9 ಎಷ್ಟೆಂದು ಅಚ್ಚೇ ಆಗಿಲ್ಲ. ಅಚ್ಚಾಗಿಲ್ಲದಿದ್ದರೆ ಕಾರಣ ನೀವೇ ಊಹಿಸಿಕೊಳ್ಳಿ.

ಕಾಳಿಘಾಟಿನ ಪಟುವಾಪಾಡಾದ ವಿಷಯಕ್ಕೆ ಬರುತ್ತೇನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯಾತ್ರಿಕರಿಗೆ ಕಾಸಿನ ಬೆಲೆಗೆ ಪಟ ಬರೆದು ಮಾರುತ್ತಿದ್ದ ಪಟುವಾಗಳ ನೆರೆ ಇದು. ಗಿರಣಿಯ ತೆಳು ಕಾಗದ, ಅಗಲ ಕುಂಚ, ಒಂದೇ ಬೀಸಿನಲ್ಲಿ ಹೊರರೇಖೆ, ಅಂಚಿನಿಂದ ಒಳಕ್ಕೆ ಕರಗುವ ನೆರಳು. ಕಾಳಿ, ದುರ್ಗೆ ಇರುತ್ತಿದ್ದರು. ಜೊತೆಗೆ ಹುಕ್ಕಾ ಹಿಡಿದ ಬಾಬು, ಸೀಗಡಿ ಕಚ್ಚಿಕೊಂಡ ಬೆಕ್ಕು, 1873ರಲ್ಲಿ ತಾರಕೇಶ್ವರದ ಮಹಂತನ ಹೆಸರು ತಳಕುಹಾಕಿಕೊಂಡ, ಎಲೋಕೇಶಿ ಎಂಬಾಕೆಯ ಕೊಲೆ ಪ್ರಕರಣವೂ ಇರುತ್ತಿತ್ತು. ಅಚ್ಚಿನ ಚಿತ್ರಗಳು ಬಂದ ಮೇಲೆ ಕೈಬರಹದ ಪಟ ಸೋತಿತು. ಇಂದು ಆ ಓಣಿಗಳಲ್ಲಿ ಮುಖ್ಯವಾಗಿ ಮಣ್ಣಿನ ಮೂರ್ತಿ ಮಾಡುತ್ತಾರೆ.

ದುರ್ಗಾಪೂಜೆಯ ಹಿಂದಿನ ವಾರಗಳಲ್ಲಿ ಅಲ್ಲಿ ನಿಂತು ನೋಡಿದರೆ ನಮ್ಮ ಕಸುಬಿನವರಿಗೆ ಒಂದು ಸಂಗತಿ ಥಟ್ಟನೆ ಕಾಣುತ್ತದೆ. ಹಗಲು ಶೆಡ್ಡಿನ ಬಾಯಿಂದ ಬರುವ ಆಕಾಶದ ಬೆಳಕಿನಲ್ಲಿ ಮುಖದ ಹಳದಿ ಹಚ್ಚುತ್ತಾರೆ. ಮಳೆ ಬಂದು ತಾಡಪಾಲು ಇಳಿಬಿಟ್ಟರೆ, ರಾತ್ರಿಯಾದರೆ, ಬಿದಿರಿಗೆ ಕಟ್ಟಿದ ಎಲ್‌ಇಡಿ ಬಲ್ಬಿನ ಕೆಳಗೆ ಅದೇ ಕೆಲಸ ಮುಂದುವರಿಯುತ್ತದೆ. ಹಗಲು ಕಲಸಿದ ಕೆಂಪು ತೀರಿ, ರಾತ್ರಿ ಬೇರೆ ಡಬ್ಬಿಯಿಂದ ಕಲಸಿದ ಕೆಂಪು ಆ ಬಲ್ಬಿನಡಿ ಅದರ ಹಾಗೆಯೇ ಕಾಣುತ್ತದೆ. ಬೆಳಗಾದರೆ ಎರಡೂ ಬೇರೆ ಬೇರೆ! ಒಂದು ಬೆಳಕಿನಲ್ಲಿ ಒಂದೇ ಆಗಿ, ಇನ್ನೊಂದರಲ್ಲಿ ಬೇರೆಯಾಗುವ ಇಂಥ ಬಣ್ಣಜೋಡಿ ಬಟ್ಟೆ ಗಿರಣಿಯವರಿಗೆ ಹಳೆಯ ತಲೆನೋವು. ಎಲ್‌ಇಡಿ ಬಂದ ಮೇಲೆ ಅದು ಎಲ್ಲರ ತಲೆನೋವಾಗಿದೆ. ಆಮೇಲೆ ಮೂರ್ತಿ ಪೆಂಡಾಲಿಗೆ ಹೋಗುತ್ತದೆ. ಅಲ್ಲಿ ಮೂರನೆಯ ಬೆಳಕು. 2021ರ ಡಿಸೆಂಬರಿನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಊರಿನ ದುರ್ಗಾಪೂಜೆಯಲ್ಲಿ, ಬಾದಾಮ್‌ತಲಾ ಆಷಾಢ ಸಂಘದಂಥ ಕಾಳಿಘಾಟಿನ ಕ್ಲಬ್ಬುಗಳ ಪೆಂಡಾಲುಗಳಲ್ಲಿ, ಕಲ್ಪನೆಗೆ ಬರವಿಲ್ಲ. ಮೂರ್ತಿಗೆ ಬಣ್ಣ ಹಚ್ಚಿದವರೂ ದೀಪ ಕಟ್ಟುವವರೂ ಸಾಮಾನ್ಯವಾಗಿ ಭೇಟಿಯಾಗುವುದು ಮೂರ್ತಿ ಲಾರಿಯಿಂದ ಇಳಿದ ಮೇಲೆ, ಅಷ್ಟೆ.

ನಮ್ಮ ಯಕ್ಷಗಾನದಲ್ಲೂ ಇದೇ ಕಥೆ. ಇಂಗಳೀಕ, ಅರದಾಳ, ಸಫೇದು, ಕಾಡಿಗೆ: ಈ ಬಣ್ಣಗಳ ಹದ ಗೊತ್ತಾದದ್ದು ದೀವಟಿಗೆಯ, ಆಮೇಲೆ ಗ್ಯಾಸ್‌ಲೈಟಿನ ಬೆಳಕಿನಲ್ಲಿ. ದೀವಟಿಗೆಯ ಉರಿಯಲ್ಲಿ ನೀಲಿ ಕಡಿಮೆ, ಕೆಂಪು ಧಾರಾಳ. ಆ ಬೆಳಕಿಗೆ ಎದ್ದು ಕಾಣಲೆಂದೇ ಮುಖವರ್ಣಿಕೆಯ ಗೆರೆಗಳು ಅಷ್ಟು ದಪ್ಪ, ಕೆಂಪು ಅಷ್ಟು ಗಾಢ. ಈಗ ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಟ್ಯೂಬ್‌ಲೈಟ್, ರಂಗಸ್ಥಳದಲ್ಲಿ ಕಣ್ಣು ಕುಕ್ಕುವ ತಣ್ಣನೆ ಬಿಳಿ ಫ್ಲಡ್‌ಲೈಟು. ಕಲಾವಿದ ಒಂದು ಮುಖ ಬರೆದುಕೊಂಡು ಹೋಗುತ್ತಾನೆ, ಪ್ರೇಕ್ಷಕ ಇನ್ನೊಂದು ಮುಖ ನೋಡುತ್ತಾನೆ. ಬಣ್ಣದ ವೇಷದ ಆರ್ಭಟ ಸಪ್ಪೆಯಾಯಿತು, ಕಲಾವಿದರಲ್ಲಿ ಮೊದಲಿನ ಕಸುವಿಲ್ಲ ಎಂದು ಗೊಣಗುವ ಹಿರಿಯರು ಒಮ್ಮೆ ತಲೆಯೆತ್ತಿ ಮೇಲಿನ ದೀಪ ನೋಡಲಿ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಕೋಲ್ಕತ್ತದಲ್ಲಿ ರಂಗಬೆಳಕಿನ ಮಾತಾಡಿ ತಾಪಸ್ ಸೇನರ ಹೆಸರೆತ್ತದೆ ಹೋದರೆ ಊರವರು ಒಪ್ಪಲಾರರು. 1924ರಲ್ಲಿ ಹುಟ್ಟಿ 2006ರಲ್ಲಿ ತೀರಿಕೊಂಡ ಅವರು, ಶಂಭು ಮಿತ್ರರ ಬಹುರೂಪಿ ತಂಡ 1954ರಲ್ಲಿ ಆಡಿದ ‘ರಕ್ತಕರಬಿ’ಗೆ ಬೆಳಕು ಕೊಟ್ಟರು. 1959ರಲ್ಲಿ ಉತ್ಪಲ್ ದತ್ತರ ‘ಅಂಗಾರ್’ ಮಿನರ್ವಾ ರಂಗಮಂದಿರಕ್ಕೆ ಬಂದಾಗ, ಕಲ್ಲಿದ್ದಲ ಗಣಿಯೊಳಗೆ ನೀರು ಏರಿ ಕೂಲಿಗಳು ಮುಳುಗುವ ಕೊನೆಯ ದೃಶ್ಯವನ್ನು ಬೆಳಕಿನಲ್ಲೇ ಕಟ್ಟಿದರು. ನಾಟಕಕ್ಕಿಂತ ಬೆಳಕು ದೊಡ್ಡದಾಯಿತೇ ಎಂಬ ಜಗಳವೂ ಆಗ ನಡೆಯಿತು. ಬೆಳಕಿನವನ ಬಗ್ಗೆ ಊರು ಜಗಳವಾಡಿತಲ್ಲ, ನನಗೆ ಅದೇ ಹೊಟ್ಟೆಕಿಚ್ಚು. ಕನ್ನಡದಲ್ಲಿ ವಿ. ರಾಮಮೂರ್ತಿಯವರು ಬೆಳಕಿನ ವಿನ್ಯಾಸವನ್ನು ಒಂದು ಶಿಸ್ತಾಗಿ ನಿಲ್ಲಿಸಿದರು. ನನ್ನ ತಲೆಮಾರಿನವರೆಲ್ಲ ಆ ನೆರಳಿನಲ್ಲಿ ಬೆಳೆದವರು.

ಇವರೆಲ್ಲ ಬಳಸಿದ್ದು ಟಂಗ್‌ಸ್ಟನ್ ದೀಪ. ಆ ತಂತಿ ಕಾದು ಉರಿಯುವುದರಿಂದ ನೇರಿಳೆಯಿಂದ ಕೆಂಪಿನ ತನಕ ಎಲ್ಲ ಬಣ್ಣವೂ ತೆರಪಿಲ್ಲದೆ ಬರುತ್ತಿತ್ತು, ಕೆಂಪಂತೂ ಬೇಡವೆಂದರೂ ಬರುತ್ತಿತ್ತು. ಡಿಮ್ಮರ್ ಇಳಿಸಿದಂತೆ 3200 ಕೆಲ್ವಿನ್‌ನ ಬೆಳಕು 2000ದ ಆಸುಪಾಸಿಗೆ ಜಾರಿ, ಆರುವ ಮುನ್ನ ಕೆಂಡದ ಬಣ್ಣಕ್ಕೆ ಬರುತ್ತಿತ್ತು. ದೃಶ್ಯ ಮುಗಿಯುವ ಹೊತ್ತಿನ ಆ ಮಾಗಿದ ಬಣ್ಣಕ್ಕೆ ಯಾರೂ ಬೇರೆ ಕಾಸು ಕೊಡುತ್ತಿರಲಿಲ್ಲ. ತಾಪಸ್ ಸೇನರಿಗೆ ಪುಕ್ಕಟೆ ಸಿಕ್ಕಿದ ಕೆಂಪು ನಮಗೆ ಕೇಳಿದರೂ ಸಿಗುತ್ತಿಲ್ಲ.

ಹಾಗೆಂದು ನಾನು ಹಳೆಯ ದೀಪಕ್ಕೆ ಹಂಬಲಿಸುವವನಲ್ಲ. ಸಾವಿರ ವಾಟಿನ ದೀಪಗಳ ಸಾಲಿನ ಕೆಳಗೆ ಕಿರೀಟ ಹೊತ್ತು ನಿಂತ ನಟನನ್ನು ಕೇಳಿ, ಆ ಕಾವು ಎಂಥದ್ದೆಂದು ಹೇಳುತ್ತಾನೆ. ತಂತಿ ಉಂಡ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೋಗುತ್ತಿತ್ತು. ಕಡುನೀಲಿ ಬೇಕೆಂದು ದೀಪದ ಮುಂದೆ ಬಣ್ಣದ ಜೆಲ್ ಹಾಳೆ ಹಾಕಿದರೆ ಆಚೆ ದಾಟುವ ಬೆಳಕು ತೀರಾ ಅಲ್ಪ, ಹಾಳೆ ಸುಟ್ಟುಹೋಗುವುದು ಬೇರೆ. ಎಲ್‌ಇಡಿ ಆ ನೀಲಿಯನ್ನು ನೇರವಾಗಿ ಹುಟ್ಟಿಸುತ್ತದೆ. ನೀಲಿಯ ವಿಷಯದಲ್ಲಿ ನಮ್ಮ ಹಿರಿಯರು ನಮ್ಮನ್ನು ನೋಡಿ ಅಸೂಯೆ ಪಡಬೇಕು.

‘ಪಾರ್’ ಎನ್ನುವ ಅಗ್ಗದ ಎಲ್‌ಇಡಿ ರಂಗದೀಪಗಳಲ್ಲಿ ಮಾತ್ರ ಬಿಳಿ ಎಲ್‌ಇಡಿಗೆ ತದ್ವಿರುದ್ಧದ ರೋಗವಿದೆ. ಅವುಗಳಲ್ಲಿ ಕೆಂಪು, ಹಸುರು, ನೀಲಿ ಮೂರೇ ಚಿಪ್ಪು. ಹಸುರಿನ ಶಿಖರ ಸುಮಾರು 525ರಲ್ಲಿದ್ದರೆ ಕೆಂಪಿನದು 620ರ ಮೇಲೆ. ನಡುವಿನ ಹಳದಿ, ಜೇನು, ಕಿತ್ತಳೆಯ ಸೀಮೆ ಬಹುತೇಕ ಖಾಲಿ. ಮೂರನ್ನೂ ಬೆರೆಸಿ ಬಿಳಿ ಮಾಡಿ, ಕೆಂಪು ಅಂಚಿನ ಬಿಳಿ ಸೀರೆಯುಟ್ಟ ನಟಿಯನ್ನು ಅದರಡಿ ನಿಲ್ಲಿಸಿ. ಅಂಚು ಕಿರುಚುತ್ತದೆ, ಮುಖ ಗುಲಾಬಿಯಾಗುತ್ತದೆ, ಕೈಯ ಚಿನ್ನದ ಬಳೆಯ ಹೊಳಪು ಸಾಯುತ್ತದೆ. ಇದಕ್ಕೆ ಮದ್ದೂ ಉಂಟು. ಒಳ್ಳೆಯ ರಂಗದೀಪ ಮಾಡುವವರು ಆಂಬರ್, ಲೈಮ್, ಸಯಾನ್, ಗಾಢ ಕೆಂಪು, ಇಂಡಿಗೊ ಎಂದು ಏಳೆಂಟು ಬಣ್ಣದ ಚಿಪ್ಪು ಸೇರಿಸಿ ತೆರಪು ಮುಚ್ಚುತ್ತಾರೆ. ಅವುಗಳಲ್ಲಿ ಲೈಮ್ ಬಂದದ್ದು ನನ್ನ ಮಟ್ಟಿಗೆ ದೊಡ್ಡ ಬದಲಾವಣೆ. ಮುಖದ ಮೇಲಿನ ಬೆಳಕು ಮುಖದ ಬೆಳಕಿನಂತೆ ಕಾಣತೊಡಗಿದ್ದು ಅಲ್ಲಿಂದ.

ಮಬ್ಬಾಗಿಸುವ ಬಗ್ಗೆ ಬೇಗ ಹೇಳಿಬಿಡುತ್ತೇನೆ. ರಂಗದೀಪಗಳನ್ನು ನಿಯಂತ್ರಿಸುವ ಸಾಮಾನ್ಯ ಡಿಎಂಎಕ್ಸ್ ಚಾನಲ್ಲಿನಲ್ಲಿ ಇರುವುದು 256 ಮೆಟ್ಟಿಲು. ಐದು ನಿಮಿಷದ ಸೂರ್ಯಾಸ್ತಕ್ಕೆ ಹಂಚಿದರೆ ಮೆಟ್ಟಿಲಿಗೆ ಒಂದು ಸೆಕೆಂಡಿಗಿಂತ ಹೆಚ್ಚಾಯಿತು. ತಂತಿ ತಣ್ಣಗಾಗಲು ಹೊತ್ತು ತೆಗೆದುಕೊಳ್ಳುತ್ತಿದ್ದುದರಿಂದ ಹಿಂದೆ ಮೆಟ್ಟಿಲು ಕಾಣುತ್ತಿರಲಿಲ್ಲ. ಎಲ್‌ಇಡಿಗೆ ಆ ನಿಧಾನವಿಲ್ಲ. ಕೊನೆಯ ಹತ್ತಿಪ್ಪತ್ತು ಮೆಟ್ಟಿಲಲ್ಲಿ ಸೂರ್ಯ ಕುಂಟುತ್ತಾ ಇಳಿಯುತ್ತಾನೆ. 16 ಬಿಟ್ ನಿಯಂತ್ರಣವಿದ್ದರೆ 65,536 ಮೆಟ್ಟಿಲು, ಸಮಸ್ಯೆ ಮುಗಿಯಿತು.

ಪ್ರದರ್ಶನಗಳ ವಿಷಯ ಇದಕ್ಕಿಂತ ನಾಜೂಕು. 1917ರಲ್ಲಿ ರಡ್ಯಾರ್ಡ್ ಕಿಪ್ಲಿಂಗ್, ತನ್ನ ತಂದೆ ಕೂಡಿಟ್ಟಿದ್ದ 233 ಕಾಳಿಘಾಟ್ ಪಟಗಳನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟ. ಯಾತ್ರಿಕರು ಕಾಸಿಗೆ ಕೊಂಡ ಕಾಗದ ಈಗ ಜಗತ್ತಿನ ಆಸ್ತಿ. ನೂರೈವತ್ತು ವರ್ಷದ ಗಿರಣಿ ಕಾಗದ, ಅದರ ಮೇಲೆ ನೀರುಬಣ್ಣ. ಬೆಳಕು ಬಿದ್ದಷ್ಟೂ ಸವೆಯುವ ವಸ್ತು. ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ; ಕಾಗದದ ಮೇಲಿನ ಇಂಥ ಕೃತಿಗಳಿಗೆ ಅದು 50 ಲಕ್ಸ್ ಮೀರಬಾರದು ಎಂಬುದು ಎಲ್ಲೆಡೆಯ ರೂಢಿ. ತೀರಾ ಸೂಕ್ಷ್ಮವಾದವಕ್ಕೆ ವರ್ಷಕ್ಕೆ ಒಟ್ಟು 15,000 ಲಕ್ಸ್–ಗಂಟೆ ಎಂದು 2004ರ ಅಂತರರಾಷ್ಟ್ರೀಯ ಶಿಫಾರಸು ಹೇಳುತ್ತದೆ. ದಿನಕ್ಕೆ ಎಂಟು ಗಂಟೆ ತೆರೆದರೆ 400 ಲಕ್ಸ್–ಗಂಟೆ ಖರ್ಚು. ಮೂವತ್ತೇಳು, ಮೂವತ್ತೆಂಟು ದಿನಕ್ಕೆ ವರ್ಷದ ಪಾಲು ತೀರಿತು. ಪಟ ಕತ್ತಲ ಕಪಾಟಿಗೆ ಹೋಗಬೇಕು.

ನಾನು ಇಲ್ಲಿ ಒತ್ತಿ ಹೇಳಬೇಕಾದ್ದು ಇದು: ಬೆಳಕು ಇಷ್ಟು ಕಡಿಮೆ ಎಂದು ಗೊತ್ತಿದ್ದಾಗ ಅದರ ಗುಣ ಹೆಚ್ಚಿರಲೇಬೇಕು. ಬಯಲಿನ ಬಿಸಿಲಿನಲ್ಲಿ ಸಾವಿರಾರು ಲಕ್ಸ್ ಇರುವಾಗ ಒಂದು ಬಣ್ಣ ಸ್ವಲ್ಪ ಸೊರಗಿದರೂ ನಡೆದೀತು. 50 ಲಕ್ಸಿನ ಮಂದ ಕೋಣೆಯಲ್ಲಿ ಕೆಂಪನ್ನೂ ಕಿತ್ತುಕೊಂಡರೆ ನೋಡುವವನಿಗೆ ಉಳಿಯುವುದು ಏನು? ಪಟದ ಕಾಳಿಯ ನಾಲಗೆಯೂ ಹುಬ್ಬಿನ ಕಂದೂ ಒಂದೇ ಆಗಿಬಿಡುತ್ತವೆ. ಆಗ ಸಂದರ್ಶಕ ‘ಮಸುಕಾಗಿದೆ’ ಎನ್ನುತ್ತಾನೆ, ಅಧಿಕಾರಿ ದೀಪ ಏರಿಸುತ್ತಾನೆ, ಕಾಗದ ಸಾಯುತ್ತದೆ. ಕೆಟ್ಟ ದೀಪ ಚಿತ್ರಕ್ಕೆ ಎರಡು ಸಲ ಕೇಡು ಮಾಡುವುದು ಹೀಗೆ. ಫಾಸ್ಫರ್ ಎಲ್‌ಇಡಿಯಲ್ಲಿ ಅತಿನೇರಿಳೆ ಇಲ್ಲವೆನ್ನುವಷ್ಟು ಕಡಿಮೆ, ಕಿರಣದಲ್ಲಿ ಶಾಖವೂ ತೀರಾ ಕಡಿಮೆ. ಹ್ಯಾಲೊಜನ್ನಿಗಿಂತ ಅದು ಕಾಗದಕ್ಕೆ ವಾಸಿ. ಆರ್9 ತೊಂಬತ್ತರ ಮೇಲಿರುವುದನ್ನೇ ಆರಿಸಿಕೊಂಡರೆ ತಕರಾರಿಗೆ ಜಾಗವೇ ಇಲ್ಲ.

2015ರಲ್ಲಿ ಅಮೆರಿಕದ ಬೆಳಕು ತಜ್ಞರ ಸಂಘ ಟಿಎಂ-30 ಎಂಬ ಹೊಸ ಪದ್ಧತಿ ಕೊಟ್ಟಿತು. ಎಂಟರ ಬದಲು 99 ಮಾದರಿಗಳು. ಬಣ್ಣ ಎಷ್ಟು ನಿಜ ಎಂಬುದಕ್ಕೆ ಒಂದು ಅಂಕ, ಒಟ್ಟಾರೆ ಎಷ್ಟು ಗಾಢ ಅಥವಾ ಸಪ್ಪೆ ಎಂಬುದಕ್ಕೆ ಇನ್ನೊಂದು. ಬಣ್ಣಚಕ್ರವನ್ನು 16 ಭಾಗ ಮಾಡಿ, ಯಾವ ಭಾಗ ಎತ್ತ ಸರಿಯಿತು ಎಂದು ಚಿತ್ರ ಬರೆದು ತೋರಿಸುತ್ತದೆ. ಮೊದಲ ಭಾಗವೇ ಕೆಂಪು. ಜನರಿಗೆ ಕೆಂಪು ನಿಜಕ್ಕಿಂತ ತುಸು ಏರಿದ್ದರೆ ಇಷ್ಟ ಎಂಬುದನ್ನೂ ಅದು ಗಣನೆಗೆ ತೆಗೆದುಕೊಂಡಿದೆ. ನನ್ನ ಅಭಿಪ್ರಾಯ ಹೀಗೆ: ರಂಗದ ಮೇಲೆ ಕೆಂಪು ತುಸು ಏರಲಿ, ದೀವಟಿಗೆ ಮಾಡುತ್ತಿದ್ದುದೂ ಅದನ್ನೇ. ವಸ್ತುಸಂಗ್ರಹಾಲಯದಲ್ಲಿ ಕೂದಲೆಳೆಯಷ್ಟೂ ಏರಕೂಡದು. ಪಟುವಾ ಹಚ್ಚಿದ ಕೆಂಪಿಗೆ ನಾವು ಬಣ್ಣ ಸೇರಿಸಬಾರದು.

ಇನ್ನು ದುಡ್ಡಿನ ಮಾತು. ‘ಟೆಂಡರಿನಲ್ಲಿ ಕಡಿಮೆ ಬೆಲೆಯವನಿಗೇ ಕೊಡಬೇಕು, ನಮ್ಮ ಕೈ ಕಟ್ಟಿದೆ’ ಎಂದು ರಂಗಮಂದಿರಗಳ ಅಧಿಕಾರಿಗಳು ಹೇಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕರ್ನಾಟಕದ ಒಂದು ಊರಿನ ಹೊಸ ರಂಗಮಂದಿರದ ದೀಪಗಳ ಪಟ್ಟಿಯನ್ನು ನಾನು ನೋಡಿದೆ. ವಾಟ್ ಇತ್ತು, ಲ್ಯೂಮೆನ್ ಇತ್ತು, ಗ್ಯಾರಂಟಿ ವರ್ಷ ಇತ್ತು, ಪೆಟ್ಟಿಗೆಗೆ ಯಾವ ಬಣ್ಣ ಬಳಿದಿರಬೇಕೆಂದೂ ಇತ್ತು. ಬೆಳಕಿನ ಬಣ್ಣದ ಬಗ್ಗೆ ಒಂದು ಸಾಲೂ ಇರಲಿಲ್ಲ. ನಿಯಮದ ಪ್ರಕಾರ ಬೆಲೆ ಹೋಲಿಸುವುದು ಕೇಳಿದ ಗುಣಗಳನ್ನು ಪೂರೈಸಿದವರ ನಡುವೆ ಮಾತ್ರ. ಕೇಳದೆ ಇದ್ದದ್ದು ಬರಲಿಲ್ಲ ಎಂದು ದೂರಿದರೆ ಹೇಗೆ? ಪಟ್ಟಿ ಬರೆಯುವ ದಿನವೇ ಬೆಳಕಿನ ವಿನ್ಯಾಸಕನೊಬ್ಬನನ್ನು ಕರೆದು ಕೂರಿಸಿ. ಅವನು ಈ ಸಾಲುಗಳನ್ನು ಸೇರಿಸಲಿ: ಆರ್‌ಎ 95ಕ್ಕೆ ಕಡಿಮೆಯಿಲ್ಲ, ಆರ್9 ಪ್ರದರ್ಶನಕ್ಕೆ 90, ರಂಗದ ಬಿಳಿ ದೀಪಕ್ಕೆ 80ಕ್ಕೆ ಕಡಿಮೆಯಿಲ್ಲ, ಬಣ್ಣ ಬೆರೆಸುವ ದೀಪವಾದರೆ ಆಂಬರ್ ಅಥವಾ ಲೈಮ್ ಚಿಪ್ಪು ಕಡ್ಡಾಯ, 16 ಬಿಟ್ ಡಿಮ್ಮಿಂಗ್, ಟಿಎಂ-30 ವರದಿಯ ಪ್ರತಿ ಲಗತ್ತಿಸಬೇಕು, ಒಂದು ಮಾದರಿ ದೀಪವನ್ನು ಮುಂಚೆಯೇ ತಂದು ತೋರಿಸಬೇಕು. ಮಾದರಿ ಬಂದ ದಿನ ಕುಂಕುಮ, ಅರಿಸಿನ, ಒಂದು ರೇಷ್ಮೆ ಅಂಚು, ಮೇಕಪ್ ಹಚ್ಚಿದ ಒಬ್ಬ ನಟ, ಇಷ್ಟನ್ನು ಅದರಡಿ ಇಟ್ಟು, ಆಮೇಲೆ ಬಾಗಿಲಾಚೆ ಬಿಸಿಲಿಗೆ ಕರೆದೊಯ್ದು ನೋಡಿ ಸಹಿ ಹಾಕಿದರಾಯಿತು.

ಪೂಜೆಯ ಕ್ಲಬ್ಬುಗಳಿಗೆ ಟೆಂಡರಿನ ಗೋಜಿಲ್ಲ, ಅವರ ಕೆಲಸ ಇನ್ನೂ ಹಗುರ. ಪೆಂಡಾಲಿನಲ್ಲಿ ದೇವಿಯ ಮುಖಕ್ಕೆ ಯಾವ ದೀಪ ಬೀಳಲಿದೆಯೋ ಅದರದೇ ಒಂದನ್ನು, ಮುಂಗಡದ ಹಣದ ಜೊತೆಗೆ, ಪಟುವಾಪಾಡಾದ ಶೆಡ್ಡಿಗೆ ಕಳಿಸಿಕೊಡಬಹುದು. ಕಣ್ಣು ಬರೆಯುವ ರಾತ್ರಿ ಆ ಬಿದಿರಿಗೆ ಅದನ್ನೇ ಕಟ್ಟಿಕೊಳ್ಳಲಿ. ಮೂರ್ತಿ ಲಾರಿ ಹತ್ತಿದ ಮೇಲೆ ದೀಪವನ್ನು ವಾಪಸು ತಂದು ಪೆಂಡಾಲಿನಲ್ಲೇ ತೂಗುಹಾಕಬಹುದು, ಖರ್ಚೂ ಇಲ್ಲ.